ಬುಟ್ಟಿ ಬಂತು, ಆಟ ಬರಲಿಲ್ಲ: ಗಂಗಾವತಿಯ ಒಂದು ಮನೆಯ ಪ್ರಕರಣ

ಗಂಗಾವತಿಯ ಬಾಡಿಗೆ ಮನೆಯಲ್ಲಿ ಕೇಳಿದ್ದಕ್ಕೆ ‘ಹ್ಞೂಂ’, ‘ಊಹ್ಞೂಂ’ ಬಿಟ್ಟರೆ ಮಾತಿಲ್ಲದ ಹುಡುಗಿ, ಕೊಪ್ಪಳ ತಾಲೂಕಿನ ಅಜ್ಜಿಯ ಊರಿಗೆ ಹೋದರೆ ಬೆಳಗಿನಿಂದ ರಾತ್ರಿಯವರೆಗೆ ಬಾಯಿ ಮುಚ್ಚುವುದಿಲ್ಲ. ವಯಸ್ಸು ನಾಲ್ಕು ತುಂಬಿ ಕೆಲವು ತಿಂಗಳು. ಎರಡೂ ಕಡೆ ಭಾಷೆ ಒಂದೇ, ತಿನ್ನುವುದೂ ಅದೇ ಜೋಳದ ರೊಟ್ಟಿ. ತಂದೆ ಅಕ್ಕಿ ಮಿಲ್ಲೊಂದರಲ್ಲಿ ಗುಮಾಸ್ತ. ತಾಯಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ, ಸೀರೆಗೆ ಫಾಲ್, ಪಿಕೊ ಮಾಡಿಕೊಡುತ್ತಾರೆ. ಕಿವಿ ತೋರಿಸಿ ಬಂದಿದ್ದರು. ಕೇಳಿಸುವುದರಲ್ಲಿ ಏನೂ ತೊಂದರೆ ಇರಲಿಲ್ಲ. ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಓಣಿ, ಹಳ್ಳಿ ಯಾವುದನ್ನೂ ಹೇಳುವುದಿಲ್ಲ.

ತಾಯಿಯ ದೂರು ಮಾತಿನ ಬಗ್ಗೆ ಶುರುವಾದರೂ ಬೇಗನೆ ಆಟಕ್ಕೆ ತಿರುಗಿತು. “ಆಟಗಿ ಸಾಮಾನು ಕೊಡಸಾಕ ನಾವೇನ್ ಕಡಿಮಿ ಮಾಡಿಲ್ರಿ ಅಕ್ಕಾರ. ಎರಡು ದಿನ ಮುಟ್ಟತಾಳ, ಮೂರನೇ ದಿನಕ್ಕ ಮೂಲಿಗೆ. ಆಮ್ಯಾಲ ಫೋನ್ ಕೊಡು ಅಂತ ಕೈ ಚಾಚತಾಳ.” ಮೂಲೆಯಲ್ಲಿದ್ದ ಸಾಮಾನು ನೋಡಿದೆ. ಗುಂಡಿ ಒತ್ತಿದರೆ ಇಂಗ್ಲಿಷಿನಲ್ಲಿ ಹಾಡುವ ಗೊಂಬೆ, ಬ್ಯಾಟರಿ ಮುಗಿದ ಕಾರು, ಗುಲಾಬಿ ಬಣ್ಣದ ಪ್ಲಾಸ್ಟಿಕ್ ಅಡುಗೆ ಸೆಟ್ಟು. ಸೆಟ್ಟಿನ ಜೊತೆ ಪಿಜ್ಜಾದ ತುಂಡುಗಳೂ ಬಂದಿದ್ದವು. ಆ ಮನೆಯಲ್ಲಿ ಯಾರೂ ಪಿಜ್ಜಾ ಮಾಡಿದವರಲ್ಲ, ತಿಂದವರೂ ಕಡಿಮೆ. ಷೋಕೇಸಿನ ಗಾಜಿನೊಳಗೆ, ಮರದ ಗೊಂಬೆಗಳಿಗೆ ಹೆಸರಾದ ಕೊಪ್ಪಳದ ಹತ್ತಿರದ ಕಿನ್ನಾಳದ ಬಣ್ಣದ ಆನೆಯೊಂದಿತ್ತು. ಅದನ್ನು ಮುಟ್ಟುವಂತಿಲ್ಲ. ಕಿನ್ನಾಳದ ಚಿತ್ರಗಾರರು ಗೊಂಬೆಗೆ ಬಳಸುವ ಸರಕೇನು? ಹಗುರ ಮರ, ಗೋಣಿಯ ಚೂರು, ಮರದ ಹೊಟ್ಟು, ಹುಣಸೆ ಬೀಜದ ಅಂಟು. ಇದೇ ಹುಡುಗಿ ಅಜ್ಜಿಯ ಅಂಗಳದಲ್ಲಿ ದಿನವಿಡೀ ಕೈಯಾಡಿಸುತ್ತಿದ್ದುದೂ ಗೋಣಿ ಚೂರು, ಹೊಟ್ಟು, ಹುಣಸೆ ಬೀಜಗಳಲ್ಲೇ. ಅಲ್ಲಿ ಬೇಡ ಅನ್ನುವವರಿರಲಿಲ್ಲ, ಅಷ್ಟೆ.

ತಂದೆಯ ತೀರ್ಮಾನ ಬೇರೆ. “ಹಳ್ಳಿ ಗಾಳೀನ ಬ್ಯಾರೆ ಬಿಡ್ರಿ. ಒಂದೆರಡು ವರ್ಷ ಅಜ್ಜಿ ಹಂತೇಕ ಬಿಟ್ಟರಾತು ಅಂತ ಮಾಡೇನಿ.” ಸಾಲಿ ತಪ್ಪುತ್ತದೆಂದು ತಾಯಿ ಒಪ್ಪಿರಲಿಲ್ಲ. ನಾನು ಅವರ ಮನೆಗೆ ಹೋಗಿ ಬರಲು ಶುರು ಮಾಡಿದ್ದು ಈ ಜಗಳದ ನಡುವೆ.

ಅಜ್ಜಿಯ ಅಂಗಳದಲ್ಲಿ ಕಂಡದ್ದು

ಬೇಸಿಗೆ ರಜೆಯಲ್ಲಿ ಅಜ್ಜಿಯ ಊರಿಗೂ ಹೋಗಿ ಕೂತೆ. ಅದು ಒಣಬೇಸಾಯದ ಸೀಮೆ. ಜೋಳ, ಸಜ್ಜೆ, ಒಂದಷ್ಟು ಎಮ್ಮೆ, ಬೇವಿನ ಮರದ ನೆರಳು. ಹುಡುಗಿಯ ಆಟದ ಮನೆ ಹೊರಸಿನ (ಮಂಚದ) ಕೆಳಗೆ. ಮೇಲಿಂದ ಹಳೆಯ ಕೌದಿ ಇಳಿಬಿಟ್ಟರೆ ಗೋಡೆಯಾಯಿತು. ಮೂರು ಕಲ್ಲಿಟ್ಟರೆ ಒಲೆ. ಅದರ ಮೇಲೆ ಕವುಚಿ ಹಾಕಿದ ಸ್ಟೀಲ್ ತಟ್ಟೆ ಹಂಚು.

ಆ ರೊಟ್ಟಿ ಮಾಡುವ ಆಟವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಮಣ್ಣನ್ನು ನಾದಿ ಉಂಡೆ ಮಾಡಿದಳು. ತಗಡಿನ ಮೇಲೆ ಒಣ ಬೂದಿ ಉದುರಿಸಿ ಉಂಡೆ ಇಟ್ಟಳು. ಬಲಗೈಯಿಂದ ಬಡಿಯುತ್ತ ಎಡಗೈಯಿಂದ ಅಂಚು ತಿರುಗಿಸುತ್ತ ಹೋದಳು. ಬಡಿತಕ್ಕೆ ಒಂದು ಲಯವಿತ್ತು. ನಡುವೆ ನಿಲ್ಲಿಸಿ ಅಂಗೈಯಿಂದ ಒಮ್ಮೆ ಸವರುವುದು, ಮತ್ತೆ ಬಡಿಯುವುದು. ‘ಹಂಚಿ’ಗೆ ಹಾಕಿ, ಅರಿವೆಯ ಚೂರನ್ನು ನೀರಿಗದ್ದಿ ರೊಟ್ಟಿಯ ಮೇಲೆ ಸವರಿದಳು. ತಿರುವಿ ಹಾಕುವಾಗ ಬೆರಳು ಚುರ್ರೆಂದವರಂತೆ ಕೈ ಹಿಂದಕ್ಕೆಳೆದು ಬಾಯಿಗೊಯ್ದು ಊದಿಕೊಂಡಳು. ಒಲೆಯಲ್ಲಿ ಬೆಂಕಿಯೇ ಇಲ್ಲ! ಒಂದು ರೊಟ್ಟಿಯನ್ನು ಎತ್ತಿ ನೋಡಿ, “ಇದು ಸೀದು ಹೋತು. ನಾಯಿಗಿ ಹಾಕಬೇ” ಎಂದು ಪಕ್ಕದ ಮನೆಯ ಹುಡುಗನ ಕೈಗಿತ್ತಳು. ಅವನು ಎಮ್ಮೆಗೆ ಕೊಡಲು ಹೋಗಿ ಬೈಸಿಕೊಂಡ.

ಇದರಲ್ಲಿ ಒಂದೂ ಅವಳ ಸ್ವಂತ ಶೋಧವಲ್ಲ. ಹಿಟ್ಟು ಉದುರಿಸುವುದು, ನೀರು ಸವರುವುದು, ಬೆರಳು ಸುಟ್ಟುಕೊಳ್ಳುವುದು ಎಲ್ಲವೂ ದಿನ ಬೆಳಗಾದರೆ ಅಜ್ಜಿಯ ಮಗ್ಗುಲಲ್ಲಿ ಕೂತು ಕಂಡದ್ದು. ಅವಳದೇ ಆದದ್ದು ಬೂದಿಯನ್ನು ಹಿಟ್ಟಾಗಿಸಿದ್ದು, ತಟ್ಟೆಯನ್ನು ಹಂಚಾಗಿಸಿದ್ದು, ಒಂದು ರೊಟ್ಟಿಯನ್ನು ಬೇಕೆಂದೇ ಸೀಯಿಸಿದ್ದು. ಕೆಲಸ ನೋಡಿದ್ದು, ಕಲ್ಪನೆ ಅವಳದು.

ಮಧ್ಯಾಹ್ನ ಅಜ್ಜಿ ಗಿರಣಿಗೆ ಕೊಡುವ ಜೋಳ ಹಸನು ಮಾಡಿ ಸೇರಿನಿಂದ ಅಳೆದರು. ಅಳೆಯುವಾಗ ಒಂದು ಅನ್ನುವುದಿಲ್ಲ, “ಲಾಭ” ಎಂದೇ ಶುರು. ಸ್ವಲ್ಪ ಹೊತ್ತಿಗೆ ಹೊರಸಿನ ಕೆಳಗಿಂದಲೂ “ಲಾಭ, ಎರಡು, ಮೂರು” ಕೇಳಿಸಿತು. ಕರಟದಲ್ಲಿ ಉಸುಕು ಅಳೆಯುತ್ತಿದ್ದಳು. ತುಂಬಿದ ಮೇಲೆ ಅಂಗೈ ಆಡಿಸಿ ಗೋಪುರ ಸವರುವುದನ್ನೂ ಬಿಟ್ಟಿರಲಿಲ್ಲ. ಗಂಗಾವತಿಯ ಎಲ್‌ಕೆಜಿಯಲ್ಲಿ ಹೀಗೆ ಎಣಿಸಿದರೆ ಮಿಸ್ ತಿದ್ದುತ್ತಾರೆ ಎಂಬುದು ಬೇರೆ ಮಾತು.

ಬುಟ್ಟಿಯ ಕತೆ

ಜೂನಿನಲ್ಲಿ ಸಾಲಿ ಶುರುವಾಗುವಾಗ ಅಜ್ಜಿಯೇ ಉಪಾಯ ಹೇಳಿದರು: “ಅಕಿ ಆಡೂ ಸಾಮಾನ ಎಲ್ಲಾ ಒಯ್ಯಿರಿ, ಅಲ್ಲೂ ಆಡಿಕೊಂತಾಳ.” ಹಳೆಯ ಬಿದಿರು ಬುಟ್ಟಿಯೊಂದರಲ್ಲಿ ಅಂಚು ಹರಿದ ಮರ (ಕಾಳು ಕೇರುವ ಮೊರ), ಕರಟಗಳು, ಸವೆದ ಲಟ್ಟಣಿಗೆ, ಜೋಳದ ದಂಟು, ಕೌದಿಯ ತುಂಡು, ಒಂದು ಚೀಲ ಹುಣಸೆ ಬೀಜ ಬಸ್ಸು ಹತ್ತಿ ಗಂಗಾವತಿಗೆ ಬಂದವು.

ಏನೂ ಆಗಲಿಲ್ಲ. ಮೊದಲ ದಿನ ಬೀಜ ಚೆಲ್ಲಿದಳು, ಮರವನ್ನು ತಲೆಯ ಮೇಲಿಟ್ಟುಕೊಂಡು ಎರಡು ಸುತ್ತು ಹಾಕಿದಳು, ಫೋನ್ ಕೇಳಿದಳು. ಆಮೇಲೆ ಬುಟ್ಟಿಯೂ ಗುಲಾಬಿ ಅಡುಗೆ ಸೆಟ್ಟಿನ ಪಕ್ಕಕ್ಕೆ ಸರಿಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈಚೆಗೆ ಮಕ್ಕಳ ಆಟದ ಬಗ್ಗೆ ಬರೆಯುವವರೆಲ್ಲ ಹೇಳುವುದು ಇದೇ ಬುಟ್ಟಿಯ ಮಾತು: ಪ್ಲಾಸ್ಟಿಕ್ ಬಿಡಿ, ಮನೆಯ ಸಾಮಾನು ಕೊಡಿ, ಬಿಡಿ ವಸ್ತು ಕೊಡಿ. ಬಿಡಿ ವಸ್ತುವಿನ ಈ ಮಾತಿನ ಮೂಲ ಬ್ರಿಟಿಷ್ ಕಲಾವಿದ ಸೈಮನ್ ನಿಕೋಲ್ಸನ್ 1971ರಲ್ಲಿ ಬರೆದ ಲೇಖನ. ಒಂದು ಜಾಗದಲ್ಲಿ ಎತ್ತಿಡಬಲ್ಲ, ಜೋಡಿಸಬಲ್ಲ, ಬದಲಿಸಬಲ್ಲ ಬಿಡಿ ಸಾಮಾನು ಎಷ್ಟು ಹೆಚ್ಚೋ ಅಲ್ಲಿ ಹೊಸದನ್ನು ಹುಟ್ಟಿಸುವ ಅವಕಾಶವೂ ಅಷ್ಟು ಹೆಚ್ಚು ಎಂಬುದು ಅವರ ವಾದ. ವಾದದಲ್ಲಿ ಹುರುಳಿದೆ. ಆದರೆ ಅದು ಈಗ ಅಂಗಡಿಯ ಸರಕಾಗಿದೆ; ನುಣುಪಾದ ಮರದ ಬಿಲ್ಲೆ, ಬಣ್ಣದ ಕಲ್ಲುಗಳ ಡಬ್ಬಿಯನ್ನು ಆನ್‌ಲೈನಿನಲ್ಲಿ ತರಿಸಿಕೊಳ್ಳುವವರಿದ್ದಾರೆ. ಈ ಮನೆಯಲ್ಲಿ ಅದಕ್ಕಿಂತ ನೂರುಪಾಲು ಅಸಲಿಯಾದ ಬುಟ್ಟಿ ಬಂದು ಕೂತಿತ್ತು. ಹುಡುಗಿಗೆ ಆ ವಸ್ತುಗಳ ಪರಿಚಯವೂ ಇತ್ತು. ಆದರೂ ಆಟ ಹುಟ್ಟಲಿಲ್ಲ. ಹಾಗಾದರೆ ಹಳ್ಳಿಯಲ್ಲಿ ಆಡಿಸುತ್ತಿದ್ದದ್ದು ಮರವೂ ಅಲ್ಲ, ಕರಟವೂ ಅಲ್ಲ.

ಬುಟ್ಟಿ ಸೋತದ್ದಕ್ಕೆ ಇನ್ನೊಂದು ಕಾರಣವನ್ನೂ ಕಣ್ಣಾರೆ ಕಂಡೆ. ಒಂದು ಸಂಜೆ ಹುಡುಗಿ ಹುಣಸೆ ಬೀಜಗಳನ್ನು ಲಟ್ಟಣಿಗೆಯ ಮೇಲೆ ಸಾಲಾಗಿ ಕೂಡಿಸುತ್ತಿದ್ದಳು. ಬಸ್ಸೋ, ಜನ ಕೂತ ಕಟ್ಟೆಯೋ, ಏನೋ ಒಂದು ಆಗುವುದರಲ್ಲಿತ್ತು. ತಾಯಿ ಉತ್ಸಾಹದಿಂದ ಬಂದು ಕೂತರು. “ಎಷ್ಟು ಬೀಜ ಅದಾವ, ಎಣಿಸು ನೋಡೋಣು. ಇದು ಯಾವ ಕಲರ್? ಬ್ರೌನ್. ಹೇಳು, ಬ್ರೌನ್.” ಹುಡುಗಿ “ಬ್ರೌನ್” ಅಂದಳು. ಲಟ್ಟಣಿಗೆ ಉರುಳಿಸಿ ಎದ್ದು ಹೋದಳು. ತಾಯಿಯದು ಕೆಟ್ಟ ಉದ್ದೇಶವಲ್ಲ. ಆಟ ಅಂದರೆ ಏನಾದರೂ ಕಲಿಯಬೇಕು, ಕಲಿತದ್ದು ಕೂಡಲೇ ಕೇಳಿ ತಿಳಿಯಬೇಕು ಎಂದು ಸಾಲಿಯವರೂ ಫೋನಿನ ವೀಡಿಯೊಗಳೂ ಅವರಿಗೆ ಕಲಿಸಿವೆ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದ ಮಕ್ಕಳ ಕಲಿಕೆಯ ನಡುಮಧ್ಯದಲ್ಲಿ ಆಟವನ್ನಿಟ್ಟಿದೆ. ಈ ಹುಡುಗಿಯ ಚೀಲದಲ್ಲಿ ಆಗ ಇದ್ದದ್ದು ಇಂಗ್ಲಿಷ್ ಅಕ್ಷರ ತಿದ್ದುವ ಹೋಮ್‌ವರ್ಕು.

ಇಲ್ಲದ್ದು ಯಾವುದು

ರಷ್ಯಾದ ಮನಃಶಾಸ್ತ್ರಜ್ಞ ಲೆವ್ ವಿಗೋಟ್‌ಸ್ಕಿ 1933ರ ಉಪನ್ಯಾಸವೊಂದರಲ್ಲಿ ಹೇಳಿದ ಕೋಲು ಕುದುರೆಯ ಉದಾಹರಣೆ, ಅಂದರೆ ಮಗು ಆಟದಲ್ಲಿ ಕೋಲನ್ನೇ ಕುದುರೆ ಮಾಡಿಕೊಂಡು ಏರುವುದು, ಎಷ್ಟೋ ಮಂದಿಗೆ ಗೊತ್ತು. ಅದರ ಮುಂದಿನ ತುಂಡನ್ನು ಮಾತ್ರ ಹೆಚ್ಚಿನವರು ಎತ್ತುವುದಿಲ್ಲ: ಕೋಲು ಕುದುರೆಯಾದೀತು, ಪೋಸ್ಟ್‌ಕಾರ್ಡು ಆಗಲಾರದು. ಯಾಕೆ? ಕೋಲಿನ ಮೇಲೆ ಕಾಲು ಹಾಕಿ ಕೂರಬಹುದು, ಓಡಬಹುದು. ವಸ್ತು ಹೋಲಬೇಕಿಲ್ಲ, ಆ ಕೆಲಸದ ಮೈಚಲನೆಗೆ ಅದು ಒದಗಬೇಕು. ಗುಲಾಬಿ ಸೆಟ್ಟಿನ ತವಾ ನೋಡಲು ತವಾದಂತೆಯೇ ಇತ್ತು, ಆದರೆ ಹುಡುಗಿಯ ಅಂಗೈಯಷ್ಟು ಅಗಲವಿರಲಿಲ್ಲ. ಅದರ ಮೇಲೆ ರೊಟ್ಟಿ ಮಾಡುವ ತೋಳಿಗೆ ಜಾಗವೇ ಇಲ್ಲ. ಸ್ಟೀಲ್ ತಟ್ಟೆಗೆ ಹಂಚಿನ ಚಂದವಿಲ್ಲ, ಜಾಗವಿದೆ.

ವಿಗೋಟ್‌ಸ್ಕಿಯ ಶಿಷ್ಯ ಡ್ಯಾನಿಲ್ ಎಲ್ಕೋನಿನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅವರು ವಿವರಿಸುವ ಒಂದು ಪ್ರಯೋಗದಲ್ಲಿ ಶಿಶುವಿಹಾರದ ಮಕ್ಕಳನ್ನು ರೈಲಿನಲ್ಲಿ ಕರೆದೊಯ್ದರು. ಮಕ್ಕಳು ನಿಲ್ದಾಣ ನೋಡಿದರು, ಗಾಡಿ ನೋಡಿದರು, ಖುಷಿಪಟ್ಟರು. ಬಂದ ಮೇಲೆ ರೈಲಿನ ಆಟಿಕೆಗಳನ್ನು ಕೊಟ್ಟರೆ ಆಟ ಹುಟ್ಟಲಿಲ್ಲ. ಎರಡನೆಯ ಸಲ ಮತ್ತೆ ಅಲ್ಲಿಗೇ ಕರೆದೊಯ್ದು, ಟಿಕೆಟ್ ಕೊಡುವವರು, ಸಾಮಾನು ಹೊರುವವರು, ಗಾಡಿ ಬಿಡಿಸುವವರು ಯಾರು, ಒಬ್ಬರು ಇನ್ನೊಬ್ಬರಿಗೆ ಏನು ಮಾಡುತ್ತಾರೆ, ಏನು ಹೇಳುತ್ತಾರೆ ಎಂದು ತೋರಿಸಿದರು. ಅದೇ ಆಟಿಕೆ, ಅದೇ ಮಕ್ಕಳು. ಈ ಸಲ ಆಟ ಹಿಡಿಯಿತು. ಮಕ್ಕಳ ಪಾತ್ರದಾಟದ ಹೊಟ್ಟೆಯಲ್ಲಿರುವುದು ವಸ್ತುವಲ್ಲ, ದೊಡ್ಡವರ ಕೆಲಸ ಮತ್ತು ಆ ಕೆಲಸದಲ್ಲಿ ಮನುಷ್ಯರ ನಡುವೆ ನಡೆಯುವ ವ್ಯವಹಾರ ಎಂಬುದು ಎಲ್ಕೋನಿನ್ ತೀರ್ಮಾನ.

ಈ ಕನ್ನಡಕ ಹಾಕಿಕೊಂಡು ಗಂಗಾವತಿಯ ಮನೆಯನ್ನು ನೋಡಿದರೆ? ಹಿಟ್ಟು ಗಿರಣಿಯಿಂದ ಬರುತ್ತದೆ. ರೊಟ್ಟಿಯನ್ನು ಪಕ್ಕದ ಓಣಿಯ ರೊಟ್ಟಿ ಮಾಡಿ ಮಾರುವವರಿಂದ ತರಿಸುತ್ತಾರೆ, ಯಾಕೆಂದರೆ ತಾಯಿಗೆ ಹೊಲಿಗೆಯ ಒತ್ತಡ. ಕುಕ್ಕರ್ ತಾನೇ ಕೂಗುತ್ತದೆ, ಮಿಕ್ಸರ್ ತಾನೇ ತಿರುಗುತ್ತದೆ. ತಂದೆಯ ಕೆಲಸ ಊರಾಚೆಯ ಮಿಲ್ಲಿನಲ್ಲಿ. ಹುಡುಗಿ ಅದನ್ನು ಕಂಡೇ ಇಲ್ಲ. ‘ಪಪ್ಪಾ ಡ್ಯೂಟಿಗೆ ಹೋಗ್ಯಾರ’ ಅನ್ನುವುದಷ್ಟೇ ಗೊತ್ತು. ‘ಡ್ಯೂಟಿ’ ಆಡುವುದು ಹೇಗೆ?

ಉಳಿದದ್ದು ಹೊಲಿಗೆ. ಅದಂತೂ ಮನೆಯ ನಡುವೆಯೇ ನಡೆಯುವ ಕೆಲಸ. ಬಟ್ಟೆ ಅಳೆಯುವುದು, ಕತ್ತರಿಸುವುದು, ಗಿರಾಕಿ ಬರುವುದು, ಮಾತು, ಚೌಕಾಸಿ, ಸಿಟ್ಟು, ಎಲ್ಲವೂ ಇದೆ. ಆದರೆ ಆ ಕೆಲಸದ ಹತ್ತಿರ ಹುಡುಗಿಗೆ ಪ್ರವೇಶವಿರಲಿಲ್ಲ. ಸೂಜಿ, ಕತ್ತರಿ, ಗಿರಾಕಿಯ ರೇಷ್ಮೆ ಬಟ್ಟೆ. ಕೈಯಿಟ್ಟರೆ ಸಾವಿರಾರು ರೂಪಾಯಿಯ ಬಾಬತ್ತು. ಮಷಿನ್ ಸದ್ದು ಶುರುವಾಗುತ್ತಲೇ ಫೋನ್ ಅವಳ ಕೈಗೆ ಬರುತ್ತಿತ್ತು. ಫೋನಿನಿಂದ ಆಟ ಹೋಯಿತು ಎಂದು ಎಲ್ಲರೂ ಅನ್ನುತ್ತಾರೆ. ಈ ಮನೆಯಲ್ಲಿ ಕೆಲಸದಿಂದ ಮಗುವನ್ನು ದೂರ ಇಡುವುದಕ್ಕೆ ಫೋನ್ ಬಂತು. ಬೇಲಿ ತೆಗೆಯದೆ ಫೋನ್ ಒಂದನ್ನೇ ಕಿತ್ತುಕೊಂಡಿದ್ದರೆ ಉಳಿಯುತ್ತಿದ್ದದ್ದು ಬರೀ ಅಳು.

ಮಷಿನ್ ಹತ್ತಿರ ಒಂದು ಚಾಪೆ

ಮಾಡಿದ ಬದಲಾವಣೆ ದೊಡ್ಡದೇನಲ್ಲ. ಸೂಜಿ, ಪಿನ್ನು, ಕತ್ತರಿಗಳೆಲ್ಲ ಮುಚ್ಚಳದ ಡಬ್ಬಿಗೆ ಹೋಗಿ ಗೋಡೆಯ ಎತ್ತರದ ಮಾಡಿನಲ್ಲಿ ಕೂತವು. ಮಷಿನ್ನಿನ ಎಡಕ್ಕೆ, ಪೆಡಲಿನಿಂದ ಕೈಯಳತೆ ದೂರದಲ್ಲಿ ಒಂದು ಚಾಪೆ. ಚಾಪೆಯ ಮೇಲೆ ಹೊಲಿದುಳಿದ ಚಿಂದಿಯ ಚೀಲ, ಅಂಕಿ ಮಾಸಿದ ಹಳೆಯ ಟೇಪು, ಬಟ್ಟೆಗೆ ಗುರುತು ಹಾಕುವ ಚಾಕಿನ ತುಂಡು, ಖಾಲಿ ದಾರದ ರೀಲುಗಳು. ಅಜ್ಜಿಯ ಬುಟ್ಟಿಯೂ ಅಲ್ಲಿಗೇ ಬಂತು. ತಾಯಿಗೆ ಎರಡು ಮಾತು ಹೇಳಿದ್ದೆ: ನೀವು ಕೆಲಸ ಮಾಡುತ್ತ ಮಾಡುತ್ತ ಏನು ಮಾಡುತ್ತಿದ್ದೀರೆಂದು ಬಾಯಲ್ಲಿ ಹೇಳುತ್ತಿರಿ, ಅವಳು ಆಡುವಾಗ ಪ್ರಶ್ನೆ ಕೇಳಬೇಡಿ. ಎರಡನೆಯದು ಅವರಿಗೆ ಬಹಳ ಕಷ್ಟವಾಯಿತು.

ಕೆಲವು ದಿನ ಹುಡುಗಿ ಬರೀ ನೋಡಿದಳು. ಅದೂ ಕೆಲಸವೇ. ತಾಯಿ ಟೇಪನ್ನು ಕೊರಳಿಗೆ ಹಾಕಿಕೊಳ್ಳುವುದು, ತುಟಿಯಲ್ಲಿ ದಾರ ಒದ್ದೆ ಮಾಡಿ ಸೂಜಿಗೆ ಪೋಣಿಸುವುದು, ಬಟ್ಟೆ ಮಡಿಸಿ ಉಗುರಿನಿಂದ ಗೆರೆ ಹಾಕುವುದು. ಆಮೇಲೆ ಒಂದು ಮಧ್ಯಾಹ್ನ ಬುಟ್ಟಿಯನ್ನು ಕವುಚಿ ಹಾಕಿ ಅದರ ಮುಂದೆ ಕೂತಳು. ಲಟ್ಟಣಿಗೆಯನ್ನು ಮಷಿನ್ನಿನ ಗಾಲಿಯಂತೆ ಒಂದು ಕೈಯಿಂದ ತಿರುಗಿಸುತ್ತ, ಇನ್ನೊಂದು ಕೈಯಿಂದ ಚಿಂದಿಯನ್ನು ಬುಟ್ಟಿಯ ಬೆನ್ನಿನ ಮೇಲೆ ಮುಂದಕ್ಕೆ ತಳ್ಳುತ್ತ ಹೋದಳು. ಬಾಯಲ್ಲಿ ಟರ್‍ರ್ ಎಂಬ ಸದ್ದು. ಗುಂಡಿಯ ಬದಲು ಹುಣಸೆ ಬೀಜ. ಅಜ್ಜಿಯ ಮನೆಯಲ್ಲಿ ಹಿಟ್ಟಿನ ಮೇಲೆ ಉರುಳುತ್ತಿದ್ದ ಲಟ್ಟಣಿಗೆ ಇಲ್ಲಿ ಹೀಗೆ ಕೆಲಸಕ್ಕೆ ಬಂತು.

ಎದ್ದು ಬಾಗಿಲ ಕಡೆ ಹೋಗಿ, ತಿರುಗಿ ಬಂದು, ದನಿ ದಪ್ಪ ಮಾಡಿಕೊಂಡು ಕೇಳಿದಳು: “ಅಕ್ಕಾರ, ನನ್ನ ಬ್ಲೌಸ್ ಆತೇನ್ರಿ?”

ಓಡಿ ಬುಟ್ಟಿಯ ಹಿಂದೆ ಕೂತು ತಾನೇ ಉತ್ತರಿಸಿದಳು: “ಹುಕ್ಸ್ ಹಚ್ಚೂದೊಂದ ಬಾಕಿ ಐತ್ರಿ. ನಾಳೆ ಬರ್‍ರಿ.”

ಮತ್ತೆ ಬಾಗಿಲಲ್ಲಿ: “ನಿನ್ನೇನೂ ಹಂಗ ಅಂದಿದ್ರಿ. ಮದುವಿ ಐತ್ರಿ ನಮ್ಮನ್ಯಾಗ!”

ಮತ್ತೆ ಬುಟ್ಟಿಯ ಹಿಂದೆ: “ಕರೆಂಟ್ ಇರಲಿಲ್ರಿ ನಿನ್ನೆ. ಏನ್ ಮಾಡೂದ್ರಿ.”

ತಾಯಿ ಮಷಿನ್ ನಿಲ್ಲಿಸಿ ಬಾಯಿಗೆ ಸೆರಗು ಹಿಡಿದರು. ಹಿಂದಿನ ದಿನ ಕರೆಂಟ್ ಇತ್ತು.

ಈ ನಾಲ್ಕು ಸಾಲಿನಲ್ಲಿ ಮಾತಿನ ದೃಷ್ಟಿಯಿಂದ ಎಷ್ಟಿದೆ ನೋಡಿ. ದೊಡ್ಡವರಿಗೆ ಹಚ್ಚುವ ‘ರಿ’, ನಿನ್ನೆ ನಾಳೆಗಳ ಕಾಲ, ದೂರು, ನೆಪ, ಎದುರಿನವರ ತುರ್ತು. ಎರಡು ಪಾತ್ರವನ್ನು ಒಬ್ಬಳೇ ನಿಭಾಯಿಸಿ, ಒಂದೊಂದಕ್ಕೂ ಬೇರೆ ದನಿ ಕೊಟ್ಟಿದ್ದಾಳೆ. ‘ಬ್ರೌನ್’ ಎಂಬ ಒಂದು ಪದ ಹೇಳಿಸಿದವರಿಗೆ ಮಗುವಿಗೆ ಮಾತು ಕಡಿಮೆ ಎಂದು ಕಂಡಿದ್ದರೆ ಆಶ್ಚರ್ಯವಿಲ್ಲ. ಅಲ್ಲಿ ಮಾತಾಡಲು ಏನಿತ್ತು?

ಇಟಲಿಯ ಶಿಕ್ಷಣತಜ್ಞೆ ಮಾರಿಯಾ ಮಾಂಟೆಸ್ಸರಿ ಇದನ್ನು ಒಪ್ಪುತ್ತಿರಲಿಲ್ಲವೇನೋ. 1907ರಲ್ಲಿ ರೋಮಿನಲ್ಲಿ ಮಕ್ಕಳ ಮನೆ ತೆರೆದ ಆಕೆ, ಮಕ್ಕಳಿಗೆ ಸುಳ್ಳು ಅಡುಗೆಗಿಂತ ನಿಜದ ಕೆಲಸ ಇಷ್ಟ ಎಂದವರು. ಅದೂ ಸುಳ್ಳಲ್ಲ. ಈ ಹುಡುಗಿಗೂ ನಿಜದ ಕೆಲಸ ಕೊಟ್ಟು ನೋಡಿದೆವು: ಬಣ್ಣದ ಪ್ರಕಾರ ದಾರದ ರೀಲು ಜೋಡಿಸುವುದು, ಬೆಳ್ಳುಳ್ಳಿ ಬಿಡಿಸುವುದು. ಮನಸ್ಸಿಟ್ಟು ಮಾಡಿದಳು, ಆದರೆ ಮೌನವಾಗಿ. ಗಿರಾಕಿಯ ಸಿಟ್ಟು, ತಾಯಿಯ ನೆಪ ಎಲ್ಲ ಹೊರಬಂದದ್ದು ಸುಳ್ಳು ಅಂಗಡಿಯಲ್ಲೇ.

ಗೇಟು ಕೊಚ್ಚಿಹೋದ ವಾರ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳ ಪೈಕಿ 19ನೆಯದು, ಚೈನು ತುಂಡಾಗಿ ಕೊಚ್ಚಿಹೋಯಿತು. ಗಂಗಾವತಿಯ ಭತ್ತ ಹೆಚ್ಚಾಗಿ ಆ ಜಲಾಶಯದ ಎಡದಂಡೆ ಕಾಲುವೆಯ ನೀರಿನದು. ಆ ವಾರ ಊರಿನಲ್ಲಿ ಬೇರೆ ಮಾತೇ ಇರಲಿಲ್ಲ. ನೀರು ಎಷ್ಟು ಹೋಯಿತು, ಬೆಳೆಗೆ ಉಳಿಯುತ್ತೋ ಇಲ್ಲವೋ, ಮಿಲ್ಲುಗಳ ಗತಿ ಏನು. ಹುಡುಗಿಯ ತಂದೆ ಮನೆಯಲ್ಲಿದ್ದಷ್ಟು ಹೊತ್ತೂ ಟಿವಿ ಮುಂದೆ, ಫೋನಿನಲ್ಲಿ ಇದೇ ಮಾತು.

ಓಣಿಯ ನಲ್ಲಿ ನೀರು ಹರಿಯುವ ಜಾಗದಲ್ಲಿ ಮಕ್ಕಳ ಗುಂಪು ಜಲಾಶಯ ಕಟ್ಟಿತು. ಹುಡುಗಿ ಅಲ್ಲಿದ್ದಳು, ಮನೆಯ ಹೊರಗೆ ಬೇರೆ ಮಕ್ಕಳ ಜೊತೆ ಅವಳು ಆಡಿದ್ದನ್ನು ತಾಯಿ ಕಂಡದ್ದು ಅದೇ ಮೊದಲು. ಮಣ್ಣಿನ ಒಡ್ಡು, ನಡುವೆ ಬಾಯಿ, ಬಾಯಿಗೆ ಅಡ್ಡಲಾಗಿ ಅವಳ ಅಮ್ಮನ ಡಬ್ಬಿಯ ಮುಚ್ಚಳ. ಮುಚ್ಚಳಕ್ಕೆ ಹೊಲಿಗೆ ದಾರ ಕಟ್ಟಿದ್ದಳು, ಅದು ಚೈನು. ದಾರ ಹರಿಯುತ್ತಲೇ ಎಲ್ಲರೂ “ಹೋತು! ಹೋತೂ!” ಎಂದು ಕೂಗಬೇಕು, ಒಬ್ಬ ಫೋನಿನಲ್ಲಿ ಸುದ್ದಿ ಮುಟ್ಟಿಸಬೇಕು. ಫೋನ್ ಅಂದರೆ ಇಟ್ಟಿಗೆಯ ಚೂರು. ನಿಜದ ಜಲಾಶಯದಲ್ಲಿ ವಾರದ ಹೊತ್ತಿಗೆ ತಾತ್ಕಾಲಿಕ ಉಕ್ಕಿನ ಅಡ್ಡಹಲಗೆಯಾದ ಸ್ಟಾಪ್‌ಲಾಗ್‌ನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ನೀರು ತಡೆದರು. ಆ ಸುದ್ದಿ ಬಂದ ಮೇಲೆ ಓಣಿಯ ಜಲಾಶಯಕ್ಕೂ ಮುಚ್ಚಳ ಸಾಲದಾಯಿತು. ಹಂಚಿನ ಚೂರು, ಮುರಿದ ಸ್ಲೇಟು, ರಟ್ಟು ಒಂದರ ಮೇಲೊಂದು ಇಳಿದವು. ರಟ್ಟು ನೆನೆದು ಬಿತ್ತು. ಸ್ಲೇಟು ನಿಂತಿತು. ಯಾವುದು ನಿಂತೀತು, ಯಾವುದು ನಿಲ್ಲದು ಎಂಬುದಕ್ಕೆ ಮೇಷ್ಟ್ರು ಬೇಕಾಗಲಿಲ್ಲ.

ತಂದೆಗೆ ತಡೆಯಲಾಗಲಿಲ್ಲ. ಲುಂಗಿ ಎತ್ತಿ ಕಟ್ಟಿ ಬಂದು, “ಹಂಗಲ್ಲ, ಹಿಂಗ” ಎಂದು ಇಟ್ಟಿಗೆಯಿಟ್ಟು, ಪೈಪು ಹೂಳಿ, ಬಹಳ ಚಂದದ ಡ್ಯಾಮು ಕಟ್ಟಿಕೊಟ್ಟರು. ನೀರು ಒಂದು ಹನಿ ಸೋರಲಿಲ್ಲ. ಮಕ್ಕಳು ಸ್ವಲ್ಪ ಹೊತ್ತು ನೋಡಿ, ಅವರನ್ನು ಅಲ್ಲೇ ಬಿಟ್ಟು ಬೇರೆ ಮೂಲೆಗೆ ಹೋಗಿ ಸೋರುವ ಡ್ಯಾಮು ಕಟ್ಟಿಕೊಂಡರು.

ಕೊಡಬಾರದ ಸಾಮಾನು

ಅದೇ ಗುಂಪಿನಲ್ಲಿ ಒಬ್ಬ ಹುಡುಗ ನೀರು ಮೊಗೆಯಲು ಒಂದು ಪುಟ್ಟ ಪ್ಲಾಸ್ಟಿಕ್ ಮುಚ್ಚಳ ತಂದಿದ್ದ. ಗೆರೆ ಗೆರೆ ಅಳತೆಯಿದ್ದ ಚಂದದ ಮುಚ್ಚಳ. ಅದು ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿಯದು, ಅಂದರೆ ಕೀಟನಾಶಕದ್ದು. ಭತ್ತದ ಸೀಮೆಯಲ್ಲಿ ಈ ಡಬ್ಬಿ, ಮುಚ್ಚಳಗಳು ಹೊಲದ ಬದುವಿನಲ್ಲಿ, ಕಾಲುವೆ ದಂಡೆಯಲ್ಲಿ ಧಾರಾಳವಾಗಿ ಬಿದ್ದಿರುತ್ತವೆ. ತೊಳೆದು ಕೊಟ್ಟರಾಯಿತು ಎನ್ನುವವರಿದ್ದಾರೆ, ಹಾಗಲ್ಲ. ಎಷ್ಟು ತೊಳೆದರೂ ಅದನ್ನು ಮಕ್ಕಳ ಕೈಗೆ ಕೊಡಬಾರದು, ನೀರು ತುಂಬಿಡಲೂ ಬಳಸಬಾರದು. ಖಾಲಿ ಡಬ್ಬಿಯನ್ನು ತೂತು ಹಾಕಿ, ಮತ್ತೆ ಬಳಸಲಾಗದಂತೆ ಮಾಡಿಯೇ ವಿಲೇವಾರಿ ಮಾಡಬೇಕು.

ಹುಣಸೆ ಬೀಜ, ಗುಂಡಿ, ಕಡಲೆ ಮೂರು ವರ್ಷದೊಳಗಿನ ಕೂಸುಗಳಿರುವ ಕಡೆ ಬೇಡ. ಉಸಿರುಗೊಳವೆಗೆ ಹೋಗುತ್ತವೆ, ಮೂಗು, ಕಿವಿಗೂ ತುರುಕಿಕೊಳ್ಳುತ್ತಾರೆ. ರಿಮೋಟು, ಹಾಡುವ ಗೊಂಬೆಗಳಲ್ಲಿರುವ ಬಿಲ್ಲೆಯಂಥ ಬ್ಯಾಟರಿ ಇನ್ನೂ ಅಪಾಯ. ನುಂಗಿದರೆ ಕೆಲವೇ ತಾಸಿನಲ್ಲಿ ಅನ್ನನಾಳ ಸುಡುತ್ತದೆ, ಕೂಡಲೇ ಆಸ್ಪತ್ರೆಗೆ ಓಡಬೇಕು. ತಲೆಗೆ ಹಾಕಿಕೊಳ್ಳಬಹುದಾದ ಪ್ಲಾಸ್ಟಿಕ್ ಚೀಲ, ಕೊರಳಿಗೆ ಸುತ್ತಿಕೊಳ್ಳುವ ಉದ್ದ ದಾರವೂ ಬೇಡ. ಚಾಪೆಯ ಟೇಪನ್ನು ಈ ಕಾರಣಕ್ಕೇ ಗೇಣುದ್ದಕ್ಕೆ ಕತ್ತರಿಸಿದೆವು. ಕೊರಳಿಗೆ ಹಾಕಿಕೊಳ್ಳಲು ಬರುವುದಿಲ್ಲವೆಂದು ಹುಡುಗಿ ಒಂದು ದಿನ ಮುನಿಸಿಕೊಂಡಿದ್ದಳು.

ಮಿಲ್ಲು

ಸುಗ್ಗಿಯ ಹೊತ್ತಿಗೆ, ಭತ್ತ ಮಿಲ್ಲಿಗೆ ಬರುವ ಕಾಲದಲ್ಲಿ, ತಂದೆಯೇ ಕೇಳಿದರು: “ಒಂದಿನ ಕರಕೊಂಡು ಹೋಗಲೇನ್ರಿ?” ಯಂತ್ರ ನಿಂತ ರಜೆಯ ದಿನ, ಧೂಳಿಲ್ಲದ ಹೊತ್ತಿನಲ್ಲಿ, ತೂಕದ ಕಾಟಾ ಇರುವ ಮುಂಭಾಗದವರೆಗೆ ಮಾತ್ರ ಕರೆದೊಯ್ದರು. ಎರಡು ಲೋಡು ಬಂದು ನಿಂತಿತ್ತು. ವ್ಯಾಪಾರಿಯ ಕಡೆಯವರು ಚೀಲಕ್ಕೆ ಮೊನಚು ಕೊಳವೆ ಚುಚ್ಚಿ ಭತ್ತ ತೆಗೆದು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಕಾಳು ಹಲ್ಲಿಗೆ ಹಾಕಿ ಕಟ್ ಅನ್ನಿಸಿ ನೋಡುವುದನ್ನು ಹುಡುಗಿ ತಂದೆಯ ಹೆಗಲ ಮೇಲಿಂದ ನೋಡಿದಳು. ಹಮಾಲರು ಕೊಕ್ಕೆ ಹಾಕಿ ಚೀಲ ಬೆನ್ನಿಗೇರಿಸುವುದನ್ನೂ ನೋಡಿದಳು.

ಮರುದಿನ ಚಾಪೆಯ ಮೇಲೆ ಹೊಲಿಗೆ ಅಂಗಡಿ ಮುಚ್ಚಿತು. ಚಿಂದಿಯ ಚೀಲವೇ ಭತ್ತದ ಚೀಲ. ಪೆನ್ನಿನ ಖಾಲಿ ಕೊಳವೆ ಚುಚ್ಚಿ, ಅಂಗೈಗೆ ಏನೋ ಸುರಿದುಕೊಂಡು, ತಿಕ್ಕಿ, ಊದಿ, ಹಲ್ಲಿಗೆ ಹಾಕಿದಂತೆ ಮಾಡಿ, ಮುಖ ಹಿಂಡಿದಳು. “ಹಸಿ ಐತ್ರಿ ಮಾಲು. ರೇಟು ಇಳಿಸ್ರಿ.” ಅಂಗೈಯಲ್ಲಿ ಕಾಳಿರಲಿಲ್ಲ. ಸಂಜೆ ಮನೆಗೆ ಬಂದ ತಂದೆಯನ್ನು ಮಾರುವ ರೈತನಾಗಿ ಕೂರಿಸಿದಳು. ಅವರು ಈ ಸಲ ತಿದ್ದಲಿಲ್ಲ. “ಇಲ್ರಿ ಸಾವ್ಕಾರ್ತಿ, ಒಣಗಿಸೇ ತಂದೀನ್ರಿ, ಹಂಗನ್ನಬ್ಯಾಡ್ರಿ” ಎಂದು ಕೈ ಮುಗಿದರು. ಚೌಕಾಸಿ ಊಟದ ಹೊತ್ತಿನವರೆಗೂ ನಡೆಯಿತು. ಅಳೆಯುವಾಗ “ಲಾಭ” ಎಂದೇ ಶುರು ಮಾಡಿದಳು. ಮಿಲ್ಲಿನಲ್ಲಿ ಕಾಟಾ ತೂಕ, ಯಾರೂ ಸೇರಿನಲ್ಲಿ ಅಳೆಯುವುದಿಲ್ಲ. ಅಜ್ಜಿಯ ಅಂಗಳವನ್ನೂ ಅಪ್ಪನ ಮಿಲ್ಲನ್ನೂ ಅವಳು ತನಗೆ ಬೇಕಾದ ಕಡೆ ಕೂಡಿಸಿಕೊಂಡಿದ್ದಳು.

ಈಗಿನ ಸ್ಥಿತಿ

ಅಜ್ಜಿಯ ಹತ್ತಿರ ಬಿಡುವ ಮಾತು ನಿಂತಿದೆ. ಮನೆಯಲ್ಲಿ ಹುಡುಗಿ ಧಾರಾಳವಾಗಿ ಮಾತಾಡುತ್ತಾಳೆ, ಓಣಿಯಲ್ಲಿ ಸಾಕಷ್ಟು. ಸಾಲಿಯಲ್ಲಿ ಈಗಲೂ ಕಡಿಮೆ. ಅಲ್ಲಿ ಬೆಂಚು, ಬರವಣಿಗೆ, ಬಾಯಿಪಾಠ. ಮಾತು ಅಲ್ಲಿಗೂ ತಲುಪುತ್ತದೆಯೇ ಎಂಬುದನ್ನು ಮುಂದಿನ ವರ್ಷವೂ ನೋಡಬೇಕಿದೆ. ಹಾಗೇ ಮುಂದುವರಿದರೆ ಮಾತಿನ ತಜ್ಞರಿಗೆ ತೋರಿಸುವಂತೆ ತಾಯಿಗೆ ಹೇಳಿದ್ದೇನೆ, ಯಾಕೆಂದರೆ ಆಟ ಎಲ್ಲಕ್ಕೂ ಮದ್ದಲ್ಲ. ಫೋನ್ ಪೂರ್ತಿ ಹೋಗಿಲ್ಲ. ಮದುವೆ ಸೀಜನ್ನಿನಲ್ಲಿ ಹೊಲಿಗೆ ರಾಶಿ ಬಿದ್ದಾಗ ಮತ್ತೆ ಕೈಗೆ ಬರುತ್ತದೆ. ಗುಲಾಬಿ ಸೆಟ್ಟಿನ ಪಿಜ್ಜಾ ತುಂಡುಗಳು ಮಾತ್ರ ಕೆಲಸಕ್ಕೆ ಬಂದಿವೆ: ಬ್ಲೌಸಿನ ತೋಳಿನ ಅಚ್ಚು ಅಂತೆ, ಚಿಂದಿಯ ಮೇಲಿಟ್ಟು ಸುತ್ತ ಚಾಕಿನಿಂದ ಗೆರೆ ಹಾಕುತ್ತಾಳೆ.

ಹೊಸ ತಕರಾರು ಕೆಳಗಿನ ಮನೆಯ ಮಾಲೀಕರದು. ಮಧ್ಯಾಹ್ನ ನಿದ್ದೆ ಹತ್ತುವ ಹೊತ್ತಿಗೆ ತಲೆಯ ಮೇಲೆ ಸ್ಟೀಲ್ ತಟ್ಟೆಯ ಸದ್ದು. ಮಾತುಕತೆಯಾಗಿ, ಎರಡರಿಂದ ನಾಲ್ಕರವರೆಗೆ ತಟ್ಟೆ, ಸೇರು ಬಂದ್, ಬಟ್ಟೆಯ ಆಟ ಮಾತ್ರ ಎಂದು ಗೊತ್ತುಪಡಿಸಿದ್ದಾರೆ. ಹುಡುಗಿ ಒಪ್ಪಿದ್ದಾಳೆ. ಆ ಹೊತ್ತಿಗೆ ಬರುವ ಗಿರಾಕಿಗಳಿಗೆ “ಮಾಲಕರು ಮಕ್ಕೊಂಡಾರ, ಮೆಲ್ಲಕ ಮಾತಾಡ್ರಿ” ಎಂದು ತಾಕೀತು ಮಾಡುತ್ತಾಳೆ, ನಿಜವಾಗಿ ಬಂದ ಗಿರಾಕಿಗಳಿಗೂ.